ಆಮೆ ಕಾಣುತ್ತಿಲ್ಲ ಎಂದು ರಸ್ತೆಗೆ ಓಡುವ ಮೊದಲು

ನಿಮ್ಮ ರಷ್ಯನ್ ಆಮೆ ನಿನ್ನೆ ಮಧ್ಯಾಹ್ನದಿಂದ ಹೊರಗಿನ ಗೂಡಿನಲ್ಲಿ ಕಾಣುತ್ತಿಲ್ಲ, ಕತ್ತಲಾಗುವವರೆಗೂ ರಸ್ತೆಯುದ್ದಕ್ಕೂ ಹುಡುಕಿದ್ದೀರಿ, ಬೇಲಿಯಲ್ಲಿ ಎಲ್ಲೂ ತೂತಿಲ್ಲ, ಈಗ ಹಣ್ಣು ಇಟ್ಟು ಕಾಯಲೇ ಎಂದು ಕೇಳಿದ್ದೀರಿ. ಹಣ್ಣಿನ ಮಾತು ಆಮೇಲೆ. ಮೊದಲು ರಸ್ತೆ ಬಿಟ್ಟು ಗೂಡಿಗೆ ವಾಪಸ್ ಬನ್ನಿ. ಬೇಲಿಯಲ್ಲಿ ತೂತಿಲ್ಲ ಅಂದ ಮೇಲೆ ಅದು ಇನ್ನೂ ಗೂಡಿನ ಒಳಗೇ ಇರಬಹುದು, ಅಲ್ವಾ?

ಆದರೆ ಕಾಯಲಾಗದ ಕೆಲವು ಜಾಗಗಳಿವೆ. ಅಲ್ಲಿಗೆ ಒಂದು ಸುತ್ತು ಬೇಗ ಹಾಕಿಬಿಡಿ. ನೀರಿರುವ ಕಡೆಯೆಲ್ಲ ನೋಡಿ: ಕೊಳ, ತೊಟ್ಟಿ, ತೆರೆದ ಚರಂಡಿ, ನೀರು ನಿಂತ ಗುಂಡಿ. ನೆಲದ ಆಮೆಗೆ ಈಜು ಬರುವುದಿಲ್ಲ. ನೀರಿನಲ್ಲಿ ಸಿಕ್ಕಿ ಅಲುಗಾಡದಿದ್ದರೂ ಸತ್ತೇಹೋಗಿದೆ ಎಂದು ಕೈಬಿಡಬೇಡಿ. ತಲೆ ಕೆಳಗೆ ಬರುವಂತೆ ಹಿಡಿದು, ಕತ್ತನ್ನು ಮೆಲ್ಲಗೆ ಹೊರಗೆ ಚಾಚಿಸಿ ನೀರು ಇಳಿಯಲು ಬಿಡಿ. ತಕ್ಷಣ ಪಶುವೈದ್ಯರ ಹತ್ತಿರ ಒಯ್ಯಿರಿ. ಬೆನ್ನ ಮೇಲೆ ಮಲಗಿಸಬೇಡಿ. ಆಮೇಲೆ ಗೋಡೆಯ ಬುಡ, ಮೆಟ್ಟಿಲ ಬುಡ ನೋಡಿ. ಹತ್ತಲು ಹೋಗಿ ಮಗುಚಿ ಬಿದ್ದಿದ್ದರೆ ಅಲ್ಲೇ ಇರುತ್ತದೆ. ಮಗುಚಿದ ಆಮೆಗೆ ಬಿಸಿಲು ಬಿದ್ದರೆ ಅದು ಬೇಗ ಸಾಯುತ್ತದೆ. ನಿಲ್ಲಿಸಿದ ಗಾಡಿಗಳ ಕೆಳಗೆ ನೋಡದೆ ಯಾರೂ ಗಾಡಿ ತೆಗೆಯಬಾರದು. ಆಮೆ ಸಿಗುವವರೆಗೂ ಹುಲ್ಲು ಕತ್ತರಿಸುವ ಮಷಿನ್ ಓಡಿಸಬೇಡಿ, ತರಗೆಲೆ ರಾಶಿಗೆ ಬೆಂಕಿ ಇಡಬೇಡಿ. ಪಕ್ಕದ ಮನೆಯವರಿಗೂ ಹೇಳಿ. ನಾಯಿ ಇದ್ದರೆ ಕಟ್ಟಿ. ಆಮೆಯ ಚಿಪ್ಪು ಅಂದರೆ ಮೂಳೆಯೇ. ನಾಯಿ ಅದನ್ನು ಮೂಳೆ ಕಡಿದ ಹಾಗೇ ಕಡಿಯುತ್ತದೆ.

ಇದಾದ ಮೇಲೆ ಗೂಡಿನ ಒಳಗೆ ಮಂಡಿಯೂರಿ ಕೂತುಕೊಳ್ಳಿ. ನಿಂತುಕೊಂಡು ನೋಡಿದರೆ ಪ್ರಯೋಜನ ಇಲ್ಲ. ನಿಮ್ಮದು ಮಧ್ಯ ಏಷ್ಯಾದ ಒಣ ಬಯಲಿನ ಜಾತಿ. ಕಾಡಿನಲ್ಲಿ ಅದು ವರ್ಷದ ಹೆಚ್ಚಿನ ಭಾಗ ಮಣ್ಣಿನೊಳಗೇ ಕಳೆಯುತ್ತದೆ. ವಿಪರೀತ ಬಿಸಿಲಾದರೂ ಒಳಗೆ, ಚಳಿಯಾದರೂ ಒಳಗೆ. ನಿನ್ನೆ ವಾತಾವರಣ ಏನಾದರೂ ಬದಲಾಗಿತ್ತಾ ನೆನಪು ಮಾಡಿಕೊಳ್ಳಿ. ಇದ್ದಕ್ಕಿದ್ದಂತೆ ತಂಪಾದರೆ ಎಷ್ಟೋ ಆಮೆಗಳು ಸುಮ್ನೆ ಮಣ್ಣಿಗೆ ಇಳಿದುಬಿಡುತ್ತವೆ. ಮಾಲೀಕರು ಕಳೆದುಹೋಯಿತು ಎಂದು ಊರೆಲ್ಲ ಹುಡುಕುತ್ತಿರುತ್ತಾರೆ.

ಮೊದಲು ಮೂಲೆಗಳು. ಆಮೆ ಗೋಡೆ ಹಿಡಿದು ನಡೆಯುತ್ತದೆ, ಮೂಲೆಯಲ್ಲಿ ಸಿಕ್ಕಿಕೊಂಡು ಅಲ್ಲೇ ಕೆರೆಯುತ್ತದೆ. ಮಣ್ಣು ಸುತ್ತಲಿಗಿಂತ ಸ್ವಲ್ಪ ಸಡಿಲವಾಗಿ, ಬಣ್ಣ ತುಸು ಗಾಢವಾಗಿ ಕಂಡರೆ ಅಲ್ಲಿ ಕೈ ಹಾಕಿ. ಬಿಲದ ಬಾಯಿ ಅರ್ಧಚಂದ್ರದ ಆಕಾರದಲ್ಲಿರುತ್ತದೆ: ಕೆಳಗೆ ಚಪ್ಪಟೆ, ಮೇಲೆ ಕಮಾನು. ಆದರೆ ಹಿಂದಿನಿಂದ ಮಣ್ಣು ಕುಸಿದು ಬಾಯಿ ಮುಚ್ಚಿಹೋಗಿರುವುದೇ ಜಾಸ್ತಿ. ಸಲಿಕೆ, ಕಬ್ಬಿಣದ ಸರಳು ಬೇಡವೇ ಬೇಡ. ದಪ್ಪ ಗ್ಲೌಸ್ ಹಾಕಿಕೊಂಡು ಬೆರಳಿನಿಂದ ಪದರ ಪದರವಾಗಿ ಸರಿಸಿ. ಕಲ್ಲು ಸಿಕ್ಕಿತು ಅನಿಸಿದರೆ ಒಮ್ಮೆ ಮೆಲ್ಲಗೆ ಒತ್ತಿ ನೋಡಿ. ಅದು ತಿರುಗಿ ನಿಮ್ಮ ಬೆರಳನ್ನೇ ತಳ್ಳಿದರೆ ಹುಡುಕಾಟ ಮುಗಿಯಿತು. ನೀರಿನ ತಟ್ಟೆಯ ಕೆಳಗೆ, ಮಲಗುವ ಪೆಟ್ಟಿಗೆಯ ತಳದಲ್ಲಿ, ಹುಲ್ಲಿನ ಗಂಟುಗಳ ಬುಡದಲ್ಲಿ ಹೀಗೇ ನೋಡಿ. ಬಿಲ ಕಲ್ಲುಚಪ್ಪಡಿಯ ಕೆಳಗೆ ಹೋಗಿದ್ದರೆ ಫೋನಿನ ಲೈಟ್ ಹಚ್ಚಿ ವಿಡಿಯೋ ತೆಗೆಯಿರಿ. ಬಗ್ಗಿ ನೋಡುವುದಕ್ಕಿಂತ ಅದೇ ಚೆನ್ನಾಗಿ ತೋರಿಸುತ್ತದೆ. ಹಿಂಬದಿ ಕಂಡಿತು ಎಂದು ಎಳೆಯಬೇಡಿ. ಕಾಲು ಊರಿ ಒಳಗೇ ಬಿಗಿಯಾಗಿ ಕೂರುತ್ತದೆ, ಪೆಟ್ಟಾಗುತ್ತದೆ. ಬಿಲದ ಬಾಯಿ ಬಿಡಿಸಿಟ್ಟು ಬಿಸಿಲೇರುವವರೆಗೆ ಕಾಯಿರಿ, ಅದೇ ಬರುತ್ತದೆ.

ಒಳಗೆ ಇಲ್ಲವೇ ಇಲ್ಲ ಎಂದು ಗೊತ್ತಾದರೆ ಆಗ ಹೊರಗೆ. ಇಲ್ಲಿ ಜನ ಹೊತ್ತು ಗೊತ್ತು ನೋಡದೆ ಹುಡುಕಿ ಸುಸ್ತಾಗುತ್ತಾರೆ. ಆಮೆ ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಹಾಗಾಗಿ ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂದು ಬಿಸಿಲೇ ಹೇಳಿಕೊಡುತ್ತದೆ. ಬೆಳಿಗ್ಗೆ ಮೊದಲ ಬಿಸಿಲು ಬೀಳುವ ಗೋಡೆ, ಕಲ್ಲು, ಪೊದೆಯ ಪೂರ್ವದ ಅಂಚು ನೋಡಿ. ಕಾಲು ಚಾಚಿ ಮೈ ಕಾಯಿಸಿಕೊಳ್ಳುತ್ತಾ ಇರುತ್ತದೆ, ಕಣ್ಣಿಗೆ ಬೀಳುವುದು ಆಗಲೇ. ಮೈ ಬಿಸಿಯಾದ ಮೇಲೆ ನಡೆಯುತ್ತದೆ, ಮೇಯುತ್ತದೆ. ಮಧ್ಯಾಹ್ನ ಉರಿಬಿಸಿಲಿದ್ದರೆ ಪೊದೆಯೊಳಗೆ, ಶೆಡ್ಡಿನ ಕೆಳಗೆ, ಜೋಡಿಸಿದ ಇಟ್ಟಿಗೆ ಹಲಗೆಗಳ ಸಂದಿನಲ್ಲಿ. ಸಂಜೆ ಇನ್ನೊಮ್ಮೆ ಹೊರಗೆ ಬರಬಹುದು. ಕತ್ತಲಾದ ಮೇಲೆ ಅಲುಗಾಡುವುದಿಲ್ಲ. ರಾತ್ರಿ ಹುಡುಕುವುದು ದಂಡ ಅಂತಲ್ಲ. ಟಾರ್ಚನ್ನು ನೆಲಕ್ಕೆ ಹತ್ತಿರ ಹಿಡಿದು ಅಡ್ಡಕ್ಕೆ ಬೆಳಕು ಬಿಟ್ಟರೆ ಚಿಪ್ಪಿನ ನೆರಳು ಎದ್ದು ಕಾಣುತ್ತದೆ. ಆದರೆ ಮಣ್ಣಿಗೆ ಇಳಿದಿದ್ದರೆ ಎಷ್ಟು ಟಾರ್ಚ್ ಹಿಡಿದರೂ ಅಷ್ಟೇ. ನಿದ್ದೆ ಮಾಡಿ, ಬೆಳಿಗ್ಗೆ ಬೇಗ ಏಳಿ. ಅದಕ್ಕೇ ಒಂದು ಸಲ ನೋಡಿದ ಜಾಗಕ್ಕೆ ಗೆರೆ ಎಳೆದು ಮುಗೀತು ಅನ್ನಬೇಡಿ. ಅದೇ ಪೊದೆ ಬೆಳಿಗ್ಗೆ ಖಾಲಿ, ಮಧ್ಯಾಹ್ನ ಅದರೊಳಗೆ ಆಮೆ.

ದಾರಿಯೂ ಅಂಚಿನದ್ದೇ. ಬಯಲಿನ ನಡುವೆ ಅಲೆಯುವುದಕ್ಕಿಂತ ಬೇಲಿ, ಗೋಡೆ, ಕಟ್ಟೆ ಹಿಡಿದು ಹೋಗುತ್ತದೆ. ಗೂಡಿನಿಂದ ಹೊರಟು ಎಡಕ್ಕೊಬ್ಬರು, ಬಲಕ್ಕೊಬ್ಬರು ಗೋಡೆಯ ಬುಡ ಹಿಡಿದು ನಿಧಾನಕ್ಕೆ ಹೋಗಿ. ಪೊದೆಯ ಬುಡಕ್ಕೆ ಕೈ ಹಾಕುವ ಮೊದಲು ಕೋಲಿನಿಂದ ಸದ್ದು ಮಾಡಿ, ಹಾವು ಇರಬಹುದು. ಧೂಳು, ಮರಳು ಇರುವಲ್ಲಿ ಹೆಜ್ಜೆ ಹುಡುಕಿ: ಎರಡು ಸಾಲು ಗುಂಡಿಗಳು, ಅಕ್ಕಪಕ್ಕ, ನಡುವೆ ಕೆಲವು ಸಲ ಹೊಟ್ಟೆ ಉಜ್ಜಿದ ಗೆರೆ. ನೆಲಕ್ಕೆ ಹತ್ತಿರದ ಎಲೆಗಳನ್ನು ಕಚ್ಚಿ ಹರಿದಿದೆಯೇ, ಹಿಕ್ಕೆ ಬಿದ್ದಿದೆಯೇ ನೋಡಿ. ಅನುಮಾನ ಇರುವ ಸಂದಿಗಳ ಮುಂದೆ ರಾತ್ರಿ ನುಣುಪು ಮರಳು ಚೆಲ್ಲಿ ಇಡಿ. ಮಾರನೇ ದಿನ ಸಂಜೆ ಯಾರು ಓಡಾಡಿದ್ದಾರೆ ಎಂದು ಗೊತ್ತಾಗುತ್ತದೆ. ಆಗಾಗ ನಿಂತು ಕಿವಿ ಕೊಡಿ. ಒಣ ತರಗೆಲೆಯಲ್ಲಿ ಆಮೆ ನಡೆದರೆ ಆಶ್ಚರ್ಯ ಆಗುವಷ್ಟು ಸದ್ದು. ಹಲ್ಲಿ, ಹಕ್ಕಿಯ ಸದ್ದು ಚಟ್ ಎಂದು ಬಂದು ನಿಲ್ಲುತ್ತದೆ. ಆಮೆಯದ್ದು ಒಂದೇ ಸಮ ಸರಸರ, ತುಸು ನಿಂತು ಮತ್ತೆ ಸರಸರ.

ಈಗ ಹಣ್ಣು. ಇಡಿ, ತಪ್ಪಿಲ್ಲ. ಆದರೆ ಅದನ್ನೇ ನಂಬಿ ಕೂರಬೇಡಿ. ಕೆಂಪು, ಹಳದಿ ಬಣ್ಣ ಆಮೆಯ ಕಣ್ಣಿಗೆ ಚೆನ್ನಾಗಿ ಬೀಳುತ್ತದೆ. ಟೊಮೆಟೊ ಹೋಳು, ದಾಸವಾಳದ ಹೂವು ಬೆಳಿಗ್ಗೆ ಬಿಸಿಲು ಬೀಳುವ ತೆರೆದ ಜಾಗದಲ್ಲಿ ಇಡಿ. ಹತ್ತಿರದಲ್ಲಿದ್ದರೆ ಬರಬಹುದು. ರಾತ್ರಿ ತೆಗೆದುಬಿಡಿ, ಇಲ್ಲದಿದ್ದರೆ ಬರುವುದು ಇಲಿ ಮತ್ತು ಇರುವೆ. ಜೊತೆಗೆ ಆಳವಿಲ್ಲದ ತಟ್ಟೆಯಲ್ಲಿ ನೀರು ಇಡಿ.

ನಾಯಿಯಿಂದ ಹುಡುಕಿಸಬಹುದಾ ಎಂದು ಯಾರೋ ಕೇಳಿದ್ದರು. ಅಮೆರಿಕದಲ್ಲಿ ಬಾಕ್ಸ್ ಆಮೆಗಳನ್ನು ಹುಡುಕಲು ಬಾಯ್ಕಿನ್ ಸ್ಪ್ಯಾನಿಯಲ್ ನಾಯಿಗಳಿಗೆ ತರಬೇತಿ ಕೊಟ್ಟಿದ್ದಾರೆ, ಮೊಜಾವೆ ಮರುಭೂಮಿಯ ಆಮೆಗಳಿಗೂ ವಾಸನೆ ಹಿಡಿಯುವ ನಾಯಿಗಳನ್ನು ಬಳಸಿದ್ದಾರೆ. ಅವು ಕಲಿತ ನಾಯಿಗಳು. ಮನೆಯ ನಾಯಿಯನ್ನು ಬಿಟ್ಟರೆ ಆಮೆ ಸಿಕ್ಕರೂ ಕಷ್ಟ, ಸಿಗದಿದ್ದರೂ ಕಷ್ಟ.

ಸುತ್ತಲಿನ ಮನೆಗಳಿಗೆ ಇವತ್ತೇ ಹೇಳಿ. ಮಕ್ಕಳಿಗೆ ಮೊದಲು ಹೇಳಿ, ದೊಡ್ಡವರಿಗಿಂತ ಅವರ ಕಣ್ಣು ನೆಲಕ್ಕೆ ಹತ್ತಿರ. ಚೀಟಿ ಅಂಟಿಸುವಾಗ ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಸಾಲು ಇರಲಿ: ‘ಇದು ನೀರಿನ ಆಮೆ ಅಲ್ಲ, ದಯವಿಟ್ಟು ಕೆರೆಗೆ ಬಿಡಬೇಡಿ.’ ಒಳ್ಳೆಯ ಮನಸ್ಸಿನವರೇ ಆಮೆಯನ್ನು ಎತ್ತಿಕೊಂಡು ಹೋಗಿ ನೀರಿಗೆ ಹಾಕಿ ಪುಣ್ಯ ಬಂತು ಅಂದುಕೊಳ್ಳುತ್ತಾರೆ. ಆಮೆ ಮುಳುಗಿ ಸಾಯುತ್ತದೆ. ಫೋಟೋ ಮೇಲಿನಿಂದ ತೆಗೆದದ್ದು ಇರಲಿ, ಬೆನ್ನಿನ ಬಿಲ್ಲೆಗಳ ಗುರುತು ಒಂದೊಂದು ಆಮೆಗೂ ಬೇರೆ. ಮುಂಗಾಲಿಗೆ ನಾಲ್ಕೇ ಉಗುರು ಎಂದೂ ಬರೆಯಿರಿ, ಈ ಜಾತಿ ಗುರುತಿಸಲು ಸುಲಭ. ಹೊಟ್ಟೆಯ ಕಡೆಯ ಗುರುತು ಮಾತ್ರ ಬರೆಯಬೇಡಿ. ಯಾರಾದರೂ ಸಿಕ್ಕಿದೆ ಎಂದು ಫೋನ್ ಮಾಡಿದರೆ ಅದನ್ನೇ ಕೇಳಿ. ಮೈಕ್ರೋಚಿಪ್ ಇದ್ದರೆ ಹತ್ತಿರದ ಪಶುವೈದ್ಯರಿಗೆ ನಂಬರ್ ಕೊಟ್ಟಿಡಿ. ಪಕ್ಕದವರ ಶೆಡ್, ಗ್ಯಾರೇಜ್ ಬಾಗಿಲು ನಿನ್ನೆ ತೆರೆದಿತ್ತಾ ಕೇಳಿ. ನಿಮ್ಮ ಮನೆಯ ಸ್ಟೋರ್ ರೂಮನ್ನೂ ಬಿಡಬೇಡಿ. ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ 1982ರಲ್ಲಿ ಕಾಣೆಯಾದ ಮನುಯೆಲಾ ಎಂಬ ಆಮೆ 2013ರಲ್ಲಿ ಅದೇ ಮನೆಯ ಬೀಗ ಹಾಕಿದ ಸಾಮಾನಿನ ಕೋಣೆಯಲ್ಲಿ ಜೀವಂತ ಸಿಕ್ಕಿತ್ತು ಎಂದು ದೊಡ್ಡ ಸುದ್ದಿಯಾಗಿತ್ತು.

ಹಸಿವಿನಿಂದ ಸತ್ತುಹೋಗುತ್ತಾ ಎಂಬ ಚಿಂತೆ ಈಗಲೇ ಬೇಡ. 1968ರಲ್ಲಿ ಸೋವಿಯತ್‌ನವರು ಜೋಂಡ್ 5 ನೌಕೆಯಲ್ಲಿ ಚಂದ್ರನ ಸುತ್ತ ಕಳಿಸಿದ್ದು ಇದೇ ಜಾತಿಯ ಎರಡು ಆಮೆಗಳನ್ನು. ದಾರಿಯಲ್ಲಿ ತಿನ್ನಲು ಏನೂ ಇರಲಿಲ್ಲ. ಸುಮಾರು ಶೇ 10ರಷ್ಟು ತೂಕ ಇಳಿಸಿಕೊಂಡು ಜೀವಂತ ವಾಪಸ್ ಬಂದವು. ಬೆಳೆದ, ಆರೋಗ್ಯವಾಗಿರುವ ಆಮೆ ವಾರಗಟ್ಟಲೆ ತಡೆದುಕೊಳ್ಳುತ್ತದೆ. ಮರಿಯ ವಿಷಯ ಬೇರೆ. ಕಾಗೆ, ಬೆಕ್ಕು, ಇಲಿ ಯಾವುದೂ ಬಿಡುವುದಿಲ್ಲ, ಒಣಗಿಹೋಗುವುದೂ ಬೇಗ. ನಿಮ್ಮದು ಬೆಳೆದದ್ದು, ಹಾಗಾಗಿ ವಾರ ಕಳೆದರೂ ಹುಡುಕಾಟ ನಿಲ್ಲಿಸಬೇಡಿ. ಒಣ ದಿನಗಳ ನಂತರ ಮಳೆ ಬಂದು ಬಿಸಿಲು ಬಿದ್ದ ಬೆಳಿಗ್ಗೆ ಕುಡಿಯಲು ಹೊರಗೆ ಬರುತ್ತದೆ, ಆ ದಿನ ತಪ್ಪಿಸಬೇಡಿ. ಚಳಿಗಾಲದ ಹೊಸ್ತಿಲಲ್ಲಿ ಮಣ್ಣಿಗೆ ಇಳಿದಿದ್ದರೆ ಚಳಿ ಮುಗಿದ ಮೇಲೆ ಅಲ್ಲೇ ಮೇಲೆ ಬಂದರೂ ಬಂದೀತು.

ಸಿಕ್ಕ ಮೇಲೆ ಮೊದಲು ಊಟ ಹಾಕಬೇಡಿ. ಮೈ ತಣ್ಣಗಿದ್ದರೆ ನಿಧಾನಕ್ಕೆ ಬೆಚ್ಚಗಾಗಲಿ. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ, ಗದ್ದ ಮುಳುಗದಷ್ಟು ಆಳದಲ್ಲಿ, ಅರ್ಧ ಗಂಟೆ ಬಿಡಿ. ಕುಡಿಯುತ್ತದೆ, ಮೈ ನೆನೆಯುತ್ತದೆ. ತೂಕ ನೋಡಿ. ಚಿಪ್ಪಿನ ಬಿರುಕು, ಬಾಲದ ಬುಡ, ಕಾಲಿನ ಸಂದು ಪರೀಕ್ಷಿಸಿ. ನೊಣ ಕೂತು ಹುಳ ಆಗಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಹೇಗೆ ತಪ್ಪಿಸಿಕೊಂಡಿತು ಎಂದು ತಲೆ ಕೆಡಿಸಿಕೊಳ್ಳುವ ಬದಲು ಚೇತರಿಸಿಕೊಂಡ ಮೇಲೆ ಅದನ್ನೇ ಗೂಡಿಗೆ ಬಿಟ್ಟು ಪಕ್ಕದಲ್ಲಿ ಕೂತು ನೋಡಿ. ಸಾಮಾನ್ಯವಾಗಿ ಹಳೆಯ ದಾರಿಗೇ ಹೋಗುತ್ತದೆ. ಈ ಜಾತಿ ಚೆನ್ನಾಗಿ ಹತ್ತುತ್ತದೆ. ಮೂಲೆಯಲ್ಲಿ ಎರಡೂ ಗೋಡೆಗೆ ಕಾಲು ಕೊಟ್ಟು ಏರುತ್ತದೆ. ಗೋಡೆಗೆ ತಾಗಿದ ಕಲ್ಲು, ಪೆಟ್ಟಿಗೆ, ಕುಂಡ ಎಲ್ಲವೂ ಅದಕ್ಕೆ ಮೆಟ್ಟಿಲು. ಹೆಣ್ಣಾದರೆ ಮೊಟ್ಟೆ ಇಡುವ ಹೊತ್ತಿಗೆ ಜಾಗ ಹುಡುಕುತ್ತಾ ಬೇಲಿಯುದ್ದಕ್ಕೂ ಚಡಪಡಿಸುತ್ತದೆ, ಅದನ್ನೂ ಗಮನಿಸಿ. ಮೂಲೆಗಳಿಗೆ ಮೇಲೆ ಅಡ್ಡ ಹಲಗೆ ಹೊಡೆಯಿರಿ. ಜಾಲರಿಯ ಬೇಲಿಯಾದರೆ ಕೆಳಭಾಗಕ್ಕೆ ಹಲಗೆ ಮುಚ್ಚಿ, ಆಚೆ ಕಂಡರೆ ಆಚೆಗೇ ಹೋಗಲು ನೋಡುತ್ತದೆ. ಬೇಲಿಯ ಬುಡ ಮಣ್ಣಿನೊಳಗೆ ಕನಿಷ್ಠ 30 ಸೆಂಟಿಮೀಟರ್ ಇಳಿದಿರಲಿ.

ಇವತ್ತು ಗೂಡಿನ ನಾಲ್ಕೂ ಮೂಲೆಗಳ ಫೋಟೋ ತೆಗೆದು ಇಲ್ಲೇ ಹಾಕಿ, ಮಣ್ಣು ಕಾಣುವ ಹಾಗೆ. ನಿನ್ನೆ ಕೊನೆಯ ಸಲ ಅದನ್ನು ಎಷ್ಟು ಹೊತ್ತಿಗೆ, ಯಾವ ಮೂಲೆಯಲ್ಲಿ ನೋಡಿದಿರಿ ಅನ್ನೋದನ್ನೂ ಬರೆಯಿರಿ.