ತುಕ್ಕಿಗೆ ಹೆದರಿ ಸ್ಟೇನ್‌ಲೆಸ್ ತಂತಿ ಕೊಳ್ಳಬೇಡಿ

ಕುಂಬಳೆಯ ಮಳೆಗೆ ಎಲೆಕ್ಟ್ರಿಕ್ ಗಿಟಾರಿನ ತಂತಿ ತುಕ್ಕು ಹಿಡಿಯುತ್ತದೆ, ನಿಕಲ್ ಬಿಟ್ಟು ಸ್ಟೇನ್‌ಲೆಸ್ ಸ್ಟೀಲ್ ಹಾಕಲೇ ಎಂದು ಕೇಳಿದ್ದೀರಿ. ಬೇಡ. ಉಪ್ಪಳದಲ್ಲಿ, ಸಮುದ್ರಕ್ಕೆ ಕೂಗಳತೆಯ ಮನೆಯಲ್ಲಿದ್ದಾಗ ಇದೇ ಉಪಾಯ ನನಗೂ ಹೊಳೆದಿತ್ತು. ರಸಮಂಜರಿ ತಂಡವೊಂದರಲ್ಲಿ ನುಡಿಸುತ್ತಿದ್ದೆ. ಜಡಿಮಳೆಯ ಆಟಿ ತಿಂಗಳಲ್ಲಿ ಕಾರ್ಯಕ್ರಮಗಳಿರುತ್ತಿರಲಿಲ್ಲ. ಅಪರೂಪಕ್ಕೆ ಗಿಟಾರ್ ಎತ್ತಿಕೊಂಡರೆ ಬೆರಳ ತುದಿಗೆಲ್ಲ ಕಂದು ಬಣ್ಣ ಹತ್ತುತ್ತಿತ್ತು. ಮಂಗಳೂರಿಗೆ ಹೋಗಿ ಸ್ಟೇನ್‌ಲೆಸ್ ಸೆಟ್ ತಂದೆ.

ಎಡವಿದ್ದೆಲ್ಲಿ ಎಂಬುದನ್ನು ಬಿಡಿಸಿಯೇ ಹೇಳುತ್ತೇನೆ, ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಪ್ಯಾಕೆಟ್ಟಿನ ಮೇಲಿರುವ ನಿಕಲ್, ಸ್ಟೇನ್‌ಲೆಸ್ ಎಂಬುದೆಲ್ಲ ದಪ್ಪ ತಂತಿಗಳ ಹೊರಸುತ್ತಿನ ಮಾತು. ಮೊದಲ ಮೂರು ಸಪೂರ ತಂತಿಗಳಿಗೆ ಸುತ್ತೇ ಇಲ್ಲ. ಯಾವ ಸೆಟ್ ಕೊಂಡರೂ ಅವು ಸಾಮಾನ್ಯವಾಗಿ ತವರ ಲೇಪಿಸಿದ ಉಕ್ಕೇ. ಮೊದಲು ತುಕ್ಕು ಹಿಡಿಯುವುದೂ ಅವೇ! ಹಾಗಾಗಿ ನನ್ನ ತುಕ್ಕು ಇದ್ದಲ್ಲೇ ಇತ್ತು, ಹೋದದ್ದು ಫ್ರೆಟ್, ಅಂದರೆ ಗಿಟಾರಿನ ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳು. ಹೆಚ್ಚಿನ ಗಿಟಾರ್‌ಗಳ ಫ್ರೆಟ್ ನಿಕಲ್ ಸಿಲ್ವರಿನದು. ಹೆಸರಿಗಷ್ಟೇ ಸಿಲ್ವರ್, ಒಳಗಿರುವುದು ತಾಮ್ರ, ಸತು, ನಿಕಲ್. ಸ್ಟೇನ್‌ಲೆಸ್ ಸುತ್ತು ಅದಕ್ಕಿಂತ ಗಟ್ಟಿ, ಅರದಂತೆ ಉಜ್ಜುತ್ತದೆ. ನಾನೋ ಪವರ್ ಕಾರ್ಡ್ (ದಪ್ಪ ತಂತಿಗಳಲ್ಲಿ ಎರಡು ಮೂರು ಸ್ವರ ಒಟ್ಟಿಗೆ ಒತ್ತುವ ಹಿಡಿತ) ಹಿಡಿದು ಮೇಲಕ್ಕೂ ಕೆಳಕ್ಕೂ ಜಾರಿಸುವವನು. ದಪ್ಪ ತಂತಿಗಳ ಅಡಿಯಲ್ಲಿ ಫ್ರೆಟ್‌ಗೆ ಹಳ್ಳ ಬಿತ್ತು, ತಂತಿ ಗರಗರ ಎನ್ನತೊಡಗಿತು. ಅರ ಹಾಕಿ ಸಮ ಮಾಡುವಷ್ಟು ಎತ್ತರವೂ ಉಳಿದಿರಲಿಲ್ಲ. ಎಲ್ಲವನ್ನೂ ಕಿತ್ತು ಹೊಸದು ಹಾಕಿಸಿದ ಹಣಕ್ಕೆ ತಂತಿಯ ರಾಶಿಯನ್ನೇ ಕೊಳ್ಳಬಹುದಿತ್ತು.

ಲೋಹವನ್ನು ಆರಿಸಬೇಕಾದದ್ದು ನಾದಕ್ಕಾಗಿ, ಹವೆಗಾಗಿ ಅಲ್ಲ. ಚೂಪಾಗಿ ಕೇಳಿಸಬೇಕೆಂದರೆ ಸ್ಟೇನ್‌ಲೆಸ್ ಹಾಕಿ, ಫ್ರೆಟ್‌ನ ಆಸೆ ಬಿಡಿ. ಹಳೆಯ ಬ್ಲೂಸ್‌ನ ಮೆತ್ತಗಿನ ನಾದಕ್ಕೆ ಶುದ್ಧ ನಿಕಲ್. ಒಂದೇ ರಾತ್ರಿಯಲ್ಲಿ ಭಕ್ತಿಗೀತೆ, ಮಾಪ್ಪಿಳಪ್ಪಾಟ್ಟು, ಸಿನಿಮಾ ಹಾಡು ಎಲ್ಲವನ್ನೂ ನುಡಿಸುವ ನಮ್ಮಂಥವರಿಗೆ ನಿಕಲ್ ಲೇಪಿಸಿದ ಉಕ್ಕು ಧಾರಾಳ ಸಾಕು. ಅದಕ್ಕಿಂತ ದಪ್ಪದ ಕಡೆ ಗಮನ ಕೊಡಿ: ತಂತಿ ಎಳೆದು ಸ್ವರ ಏರಿಸುವವರಾದರೆ 9–42 (ತೀರ ಸಪೂರ ಮತ್ತು ತೀರ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಲೆಕ್ಕದಲ್ಲಿ), ಶ್ರುತಿ ಇಳಿಸಿ ಹೆವಿ ಮೆಟಲ್ ಸಂಗೀತ ನುಡಿಸುವವರಾದರೆ 10–52.

ತುಕ್ಕಿಗೆ ಮದ್ದು ಬೇಕೆಂದರೆ ಎಲಿಕ್ಸಿರ್ ಬ್ರಾಂಡಿನಂಥ ಲೇಪನದ ಸೆಟ್ ಇದೆ, ಅದರಲ್ಲಿ ಸಪೂರ ತಂತಿಗಳಿಗೂ ತುಕ್ಕು ತಡೆಯುವ ರಕ್ಷಣೆ ಇರುತ್ತದೆ. ಬೆಲೆ ಜಾಸ್ತಿ. ಕೈಯಲ್ಲಿ ಅಷ್ಟಿಲ್ಲದಿದ್ದರೆ ನುಡಿಸಿದ ಕೂಡಲೇ ಒಣ ಹತ್ತಿಬಟ್ಟೆಯನ್ನು ತಂತಿಯ ಅಡಿಗೂ ತೂರಿಸಿ ಬೆವರು ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ.