7 ಡೇಸ್ ಟು ಡೈ: ನೆಲದಡಿ ಬೇಸ್ ಮಾಡಿದರೆ ಜಾಂಬಿಗಳಿಂದ ಬಚಾವಾಗಬಹುದಾ?

ನೀವು ಕೇಳಿರುವುದು ಎರಡು ವಿಷಯ. 7 ಡೇಸ್ ಟು ಡೈ ಆಟದಲ್ಲಿ ಆಳಕ್ಕೆ ಅಗೆದು ಬೇಸ್ ಮಾಡಿಕೊಂಡರೆ ಬ್ಲಡ್ ಮೂನ್ ರಾತ್ರಿ, ಅಂದರೆ ಜಾಂಬಿಗಳು ಗುಂಪಾಗಿ ದಾಳಿಗೆ ಬರುವ ರಾತ್ರಿ, ಅವುಗಳ ಕಾಟ ತಪ್ಪುತ್ತದಾ? ಗಣಿ ಅಗೆಯುವ ಸರಿಯಾದ ಕ್ರಮ ಯಾವುದು?

ಮೊದಲನೆಯದಕ್ಕೆ ಉತ್ತರ, ತಪ್ಪುವುದಿಲ್ಲ. ಬೆಡ್‌ರಾಕ್ (ನೆಲದ ಅತ್ಯಂತ ಕೆಳಗಿನ ಪದರ) ತನಕ ಅಗೆದು ಅದರ ಮೇಲೆ ಮಲಗಿದರೂ ತಪ್ಪುವುದಿಲ್ಲ. ಈ ಆಸೆ ನಿಮಗೆ ಎಲ್ಲಿಂದ ಬಂತು ಅಂತ ಊಹಿಸಬಲ್ಲೆ. ಹಳೇ ವಿಡಿಯೋ ನೋಡಿದ್ದೀರಿ, ಅಲ್ವಾ? 2018ರ ಕೊನೆಯಲ್ಲಿ ಆಟದ ಆಲ್ಫಾ 17 ಅನ್ನುವ ಆವೃತ್ತಿ ಬರುವ ತನಕ ನೆಲದಡಿ ಅಡಗಿ ಕೂತರೆ ಬಹುಮಟ್ಟಿಗೆ ನೆಮ್ಮದಿಯಾಗಿ ರಾತ್ರಿ ಕಳೆಯಬಹುದಿತ್ತು. ಆ ಆವೃತ್ತಿಯಲ್ಲಿ ಜಾಂಬಿಗಳ ತಲೆಯನ್ನೇ ಬದಲಾಯಿಸಿದರು. ಅಂದಿನಿಂದ ಅವು ಅಗೆಯುತ್ತವೆ.

ಅವು ಯೋಚಿಸುವ ರೀತಿ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಬ್ಲಡ್ ಮೂನ್ ರಾತ್ರಿ 22 ಗಂಟೆಗೆ ಶುರುವಾಗಿ ಬೆಳಗಿನ ಜಾವ 4ರ ತನಕ ನೀವು ಎಲ್ಲಿದ್ದೀರಿ ಅನ್ನೋದು ಜಾಂಬಿಗಳಿಗೆ ಗೊತ್ತೇ ಇರುತ್ತದೆ. ಅಡಗುವ ಮಾತೇ ಇಲ್ಲ. ಅವು ಮೊದಲು ನಿಮ್ಮ ಹತ್ತಿರ ನಡೆದು ಬರುವ ದಾರಿ ಹುಡುಕುತ್ತವೆ. ದಾರಿ ಸಿಕ್ಕರೆ ಸ್ವಲ್ಪ ಸುತ್ತಾದರೂ ಅದರಲ್ಲೇ ಬರುತ್ತವೆ. ಸಿಗದಿದ್ದರೆ ಒಡೆಯಲು ಶುರು. ನೀವು ಕೆಳಗಿದ್ದರೆ ನೇರ ಕೆಳಕ್ಕೆ ಅಗೆಯುತ್ತವೆ. ಅಂದರೆ ನಾಲ್ಕೂ ಕಡೆ ಮುಚ್ಚಿದ ಗುಹೆ ಅವುಗಳ ಲೆಕ್ಕದಲ್ಲಿ ಅಗೆಯಿರಿ ಅಂತ ಕೊಟ್ಟ ಆಹ್ವಾನ.

ಇನ್ನೂ ಕೆಟ್ಟದ್ದೇನೆಂದರೆ ಕೆಳಗೆ ಕೂತವರಿಗೆ ಏನೂ ಕಾಣುವುದಿಲ್ಲ. ತಲೆ ಮೇಲೆ ಎಲ್ಲೋ ಧಬ್ ಧಬ್ ಅಂತ ಕೇಳುತ್ತದೆ. ಬಲಕ್ಕಾ, ಎಡಕ್ಕಾ, ಎಷ್ಟು ಮೇಲೆ, ಒಂದೂ ತಿಳಿಯದು. ಮಣ್ಣಿನ ಮೂಲಕ ಗುಂಡು ಹೋಗಲ್ಲ. ಹೋಗಿ ರಿಪೇರಿ ಮಾಡೋಣ ಅಂದರೆ ಆ ಜಾಗಕ್ಕೆ ಕೈ ಸಿಗಲ್ಲ. ಕೊನೆಗೆ ಚಾವಣಿಯ ಒಂದು ಮೂಲೆ ಕಳಚಿ, ಮೊದಲ ಜಾಂಬಿ ನಿಮ್ಮ ಪೆಟ್ಟಿಗೆಗಳ ನಡುವೆ ಬಿದ್ದಾಗಲೇ ಉತ್ತರ ಸಿಗೋದು. ಅದರ ಹಿಂದೆ ಉಳಿದವು ಅದೇ ತೂತಿನಿಂದ ಸಾಲಾಗಿ ಉದುರುತ್ತವೆ.

ಹಾಗಾಗಿ ನನ್ನ ಪದ್ಧತಿ ಇದು: ಗಣಿ, ಗೋದಾಮು, ವರ್ಕ್‌ಶಾಪ್ ಕೆಳಗೆ. ಯುದ್ಧ ಮೇಲೆ, ಅದೂ ಬೇರೆ ಜಾಗದಲ್ಲಿ, ಸಾಕಷ್ಟು ದೂರ.

ಕೆಳಗೇ ಕಾದಾಡಬೇಕು ಅನ್ನುವ ಹಠ ಇದ್ದರೆ ಅದೂ ಆಗುತ್ತದೆ. ಒಂದೇ ಷರತ್ತು, ದಾರಿ ತೆರೆದಿಡಿ. ಮೇಲಿಂದ ಒಂದು ಇಳಿಜಾರು, ಅದರ ಕೊನೆಗೆ ಒಂದು ಬ್ಲಾಕ್ ಅಗಲ, ಎರಡು ಬ್ಲಾಕ್ ಎತ್ತರದ ಓಣಿ, ಓಣಿಯ ತುದಿಯಲ್ಲಿ ಕಬ್ಬಿಣದ ಸರಳುಗಳ ಹಿಂದೆ ನೀವು. ಸರಳಿನ ಸಂದಿಯಿಂದ ಗುಂಡು ಹೋಗುತ್ತದೆ, ಜಾಂಬಿ ಬರಲ್ಲ. ಓಣಿಯ ಗೋಡೆಗೆ ಬರೀ ಮಣ್ಣು ಬಿಡಬೇಡಿ, ಕಾಂಕ್ರೀಟ್ ಹಾಕಿ. ಮರದ ಬ್ಲಾಕಿನ ಶಕ್ತಿ 500, ಕಾಬಲ್‌ಸ್ಟೋನ್ 1500, ಕಾಂಕ್ರೀಟ್ 5000, ಸ್ಟೀಲ್ 10000. ಮರದಿಂದ ಕಾಂಕ್ರೀಟಿಗೆ ಹತ್ತು ಪಟ್ಟು ಗಟ್ಟಿ. ಮಧ್ಯೆ ಮಧ್ಯೆ ಓಣಿ ಮುರಿದಿದೆಯಾ ಅಂತ ನೋಡುತ್ತಿರಿ. ದಾರಿ ಕಡಿದುಹೋದ ಕ್ಷಣ ಅವು ಮತ್ತೆ ಅಗೆಯಲು ತಿರುಗುತ್ತವೆ. ಆಟ ಮುಂದುವರಿದ ಮೇಲೆ ಡೆಮಾಲಿಷರ್ ಅನ್ನುವ ಸ್ಫೋಟಿಸುವ ಜಾಂಬಿ ಬರುತ್ತಾನೆ. ಅವನ ಎದೆಯ ಬಟನ್‌ಗೆ ಏಟು ಬಿದ್ದರೆ ಸ್ಫೋಟ, ಓಣಿ ಢಮಾರ್. ಅವನಿಗೆ ತಲೆಗೇ ಗುರಿ ಇಡಿ.

ಈಗ ಗಣಿ. ನನಗೆ ಈ ಆಟದಲ್ಲಿ ಜಾಸ್ತಿ ಇಷ್ಟವಾಗುವ ಭಾಗವೇ ಇದು.

ಸುಮ್ನೆ ಎಲ್ಲೋ ಗುಂಡಿ ತೋಡಬೇಡಿ. ನೆಲದ ಮೇಲೆ ಅದಿರಿನ ಬಂಡೆಗಳು ಕಂಡರೆ ಅದರ ಕೆಳಗೇ ಆ ಅದಿರಿನ ಪಟ್ಟೆ ಇರುತ್ತದೆ. ಮೇಲಿನ ಮಣ್ಣನ್ನು ಸಲಿಕೆಯಿಂದ ತೆಗೆಯಿರಿ, ಜೇಡಿಮಣ್ಣು ಕೂಡ ಬೇಕಾಗುವ ವಸ್ತುವೇ. ಕಲ್ಲು ಸಿಕ್ಕ ಮೇಲೆ ಪಿಕ್‌ಆ್ಯಕ್ಸ್. ಕಬ್ಬಿಣದ ಅದಿರು ತುಕ್ಕಿನ ಬಣ್ಣ, ಕಲ್ಲಿದ್ದಲು ಕಪ್ಪು, ನೈಟ್ರೇಟ್ ಬೆಳ್ಳಗೆ. ಕಲ್ಲಿದ್ದಲು ಮತ್ತು ನೈಟ್ರೇಟ್ ಸೇರಿದರೆ ಗನ್‌ಪೌಡರ್, ಸೀಸದಿಂದ ಗುಂಡಿನ ತುದಿ. ಹಿತ್ತಾಳೆ ಮಾತ್ರ ಗಣಿಯಲ್ಲಿ ಸಿಗಲ್ಲ, ಅದಕ್ಕೆ ಹಳೇ ಮನೆಗಳ ರೇಡಿಯೇಟರ್, ಬಾಗಿಲ ಹಿಡಿ ಕಿತ್ತು ತರಬೇಕು. ಪೆಟ್ರೋಲ್ ಬೇಕಾದರೆ ಮರುಭೂಮಿಗೆ ಹೋಗಿ, ಪೆಟ್ರೋಲ್ ಮಾಡಲು ಬೇಕಾದ ಆಯಿಲ್ ಶೇಲ್ ಕಲ್ಲು ಇರುವುದು ಅಲ್ಲಿ. ಆಗರ್ (ಅಗೆಯುವ ಯಂತ್ರ) ಸಿಕ್ಕಿದರೆ ಅದಕ್ಕೂ ಪೆಟ್ರೋಲೇ ಕುಡಿಸಬೇಕು. ಸ್ಟ್ರೆಂಗ್ತ್ ಸಾಲಿನ ಮದರ್ ಲೋಡ್ ಪರ್ಕ್‌ಗೆ (ಪಾತ್ರದ ಕೌಶಲ್ಯಕ್ಕೆ) ಬೇಗ ಪಾಯಿಂಟ್ ಹಾಕಿ. ಅದೇ ಏಟಿಗೆ ಅದಿರು ಜಾಸ್ತಿ ಬರುತ್ತದೆ.

ಬರೀ ಕಲ್ಲನ್ನು ಕಸ ಅಂತ ಎಸೆಯುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಕಲ್ಲು ಮತ್ತು ಜೇಡಿಮಣ್ಣು ಸೇರಿ ಕಾಬಲ್‌ಸ್ಟೋನ್. ಕಲ್ಲನ್ನು ಫೋರ್ಜ್‌ಗೆ (ಕುಲುಮೆಗೆ) ಹಾಕಿದರೆ ಸಿಮೆಂಟ್. ಆಮೇಲೆ ಮಿಕ್ಸರ್‌ನಲ್ಲಿ ಕಾಂಕ್ರೀಟ್. ಮೇಲಿನ ಬೇಸ್ ಎಷ್ಟು ಗಟ್ಟಿ ಅನ್ನೋದು ಕೆಳಗಿನ ಗುಂಡಿ ಎಷ್ಟು ದೊಡ್ಡದು ಅನ್ನೋದರ ಮೇಲೇ ನಿಂತಿದೆ.

ಆದರೆ ಆ ಗುಂಡಿ ಬೇಸ್‌ನ ಬುಡದಲ್ಲೇ ಬೇಡ! ಈ ಆಟದಲ್ಲಿ ಪ್ರತಿ ಬ್ಲಾಕಿನ ಭಾರವೂ ಕೊನೆಗೆ ಬೆಡ್‌ರಾಕ್ ತನಕ ಇಳಿಯಬೇಕು. ಪಕ್ಕಕ್ಕೆ ಚಾಚಿದ ಬ್ಲಾಕ್ ಒಂದು ಮಿತಿಯ ತನಕವಷ್ಟೇ ತೂಕ ಹೊರುತ್ತದೆ. ಬುಡದ ನೆಲ ಟೊಳ್ಳಾದರೆ ಮೇಲಿನ ಕಾಂಕ್ರೀಟ್ ಎಷ್ಟೇ ದುಬಾರಿ ಆಗಿದ್ದರೂ ಕುಸಿಯುತ್ತದೆ. ಗಣಿಯೊಳಗೂ ಇದೇ ನಿಯಮ. ದೊಡ್ಡ ಹಾಲ್ ತರಹ ಅಗೆಯುವ ಬದಲು ಕಿರಿದಾದ ಸುರಂಗಗಳನ್ನು ಮಾಡಿ, ನಡುವೆ ಕಲ್ಲಿನ ಕಂಬಗಳನ್ನು ಹಾಗೇ ಬಿಡಿ. ಅಗಲ ಮಾಡಲೇಬೇಕಿದ್ದರೆ ನೆಲದಿಂದ ಚಾವಣಿ ತನಕ ಬ್ಲಾಕ್ ಪೇರಿಸಿ ಕಂಬ ಕೊಡಿ.

ಕೆಲಸಕ್ಕೆ ಒಳ್ಳೇ ಹೊತ್ತು ಯಾವುದು ಅಂದರೆ ಮಾಮೂಲಿ ರಾತ್ರಿಗಳು. ಹೊರಗೆ ಜಾಂಬಿಗಳು ಓಡಾಡುವ ಹೊತ್ತಿನಲ್ಲಿ ಹ್ಯಾಚ್ ಮುಚ್ಚಿ ಕೆಳಗೆ ಇಳಿದರೆ ಬೆಳಗಿನ ತನಕ ಅಗೆಯಬಹುದು. ಬ್ಲಡ್ ಮೂನ್ ಅಲ್ಲದ ದಿನ ನಿಮ್ಮ ಸುಳಿವು ಸಿಗದಿದ್ದರೆ ಅವು ಅಗೆಯಲು ಬರಲ್ಲ. ಒಂದೇ ಎಚ್ಚರ, ಫೋರ್ಜ್, ಕ್ಯಾಂಪ್‌ಫೈರ್ ಇವೆಲ್ಲ ಆ ಜಾಗದ ಹೀಟ್ ಏರಿಸುತ್ತವೆ, ಅಂದರೆ ಜಾಂಬಿಗಳನ್ನು ಸೆಳೆಯುವ ಲೆಕ್ಕವನ್ನು. ನೆಲದಡಿ ಇಟ್ಟರೆ ಹೀಟ್ ಅಡಗಲ್ಲ. ಜಾಸ್ತಿಯಾದರೆ ಸ್ಕ್ರೀಮರ್ ಅನ್ನುವ ಜಾಂಬಿ ಬರುತ್ತಾಳೆ, ನಿಮ್ಮನ್ನು ನೋಡಿ ಕಿರುಚಿದರೆ ಉಳಿದವರನ್ನೂ ಕರೆಯುತ್ತಾಳೆ. ಮೂರ್ನಾಲ್ಕು ಫೋರ್ಜ್ ಒಟ್ಟಿಗೆ ಉರಿಸುವ ಮುಂಚೆ ಕೈಯಲ್ಲಿ ಗನ್ ಇರಲಿ.

ಒಂದು ಅಪವಾದ ಇದೆ. ನೀವು ಆಡುತ್ತಿರುವುದು 2016ರಲ್ಲಿ ಬಂದ ಹಳೇ ಕನ್ಸೋಲ್ ಆವೃತ್ತಿ ಆಗಿದ್ದರೆ ಮೇಲೆ ಜಾಂಬಿಗಳ ಬಗ್ಗೆ ಬರೆದದ್ದರಲ್ಲಿ ಹೆಚ್ಚಿನದು ಅದಕ್ಕೆ ಅನ್ವಯಿಸಲ್ಲ. ಅದರ ಅಪ್‌ಡೇಟ್‌ಗಳು ಆಲ್ಫಾ 17ಕ್ಕಿಂತ ಮುಂಚಿನ ಹಂತದಲ್ಲೇ ನಿಂತುಹೋದವು. ಅಲ್ಲಿ ಆಳದ ಬೇಸ್ ಈಗಲೂ ಸಾಕಷ್ಟು ಸುರಕ್ಷಿತ. 2024ರಲ್ಲಿ ಬಂದ 1.0 ಅಥವಾ ಅದರ ನಂತರದ್ದಾದರೆ, ಪಿಸಿ ಇರಲಿ ಕನ್ಸೋಲ್ ಇರಲಿ, ಇಳಿಜಾರು ತೆರೆದಿಟ್ಟೇ ಕಟ್ಟಿ.