‘ಯಾವ ಸೈಟಲ್ಲಿ ಕೆಲಸ?’

‘ಇವರು ಹೀಗೇ’ ಅಂತ ಒಂದು ಕಡೆಯ ಜನರ ಬಗ್ಗೆ ಮೊದಲೇ ತೀರ್ಮಾನ ಮಾಡಿಕೊಳ್ಳುವುದು ಎಲ್ಲಿಂದ ಬರುತ್ತದೆ, ಅದರಿಂದ ದಿನನಿತ್ಯದ ಒಡನಾಟಕ್ಕೆ ಏನಾಗುತ್ತದೆ ಅಂತ ಕೇಳಿದ್ದೀರಿ. ನನಗೆ ಆದದ್ದನ್ನೇ ಹೇಳುತ್ತೇನೆ.

ನಾನು ರಾಯಚೂರು ಜಿಲ್ಲೆಯವನು. ಬ್ಯಾಂಕ್ ಕೆಲಸ ಸಿಕ್ಕು ಬೆಂಗಳೂರಿಗೆ ಬಂದ ಹೊಸದರಲ್ಲಿ, ‘ಟು ಲೆಟ್’ ಬೋರ್ಡ್ ನೋಡಿ ಒಂದು ಮನೆಯ ಗೇಟ್ ಹತ್ತಿರ ನಿಂತು ‘ಮನಿ ಖಾಲಿ ಐತೇನ್ರಿ?’ ಅಂದೆ. ಓನರ್ ಆಂಟಿ ಕೇಳಿದ ಮೊದಲ ಪ್ರಶ್ನೆ, ‘ಯಾವ ಸೈಟಲ್ಲಿ ಕೆಲಸ?’ ಬಾಡಿಗೆ, ಅಡ್ವಾನ್ಸ್ ಮಾತೇ ಬರಲಿಲ್ಲ. ಗಾರೆ ಕೆಲಸ ಕೀಳಲ್ಲ, ನಮ್ಮ ಕಾಕಾ ಇಪ್ಪತ್ತು ವರ್ಷ ಅದನ್ನೇ ಮಾಡಿದ್ದಾರೆ. ಆದರೆ ಒಂದೇ ಮಾತಿನಿಂದ ನನ್ನ ಓದು, ಕೆಲಸ, ಬಾಡಿಗೆ ಕಟ್ಟುವ ತಾಕತ್ತು ಎಲ್ಲಾ ಆಕೆಗೆ ಗೊತ್ತಾಗಿಬಿಟ್ಟಿತ್ತು.

ಆಕೆ ಕೆಟ್ಟವರು ಅಂತ ನನಗನ್ನಿಸಿಲ್ಲ. ನಮ್ಮ ಕಡೆ ಮಳೆ ಕೈಕೊಟ್ಟರೆ ಜನ ಗುಳೆ ಹೋಗುತ್ತಾರೆ. ಬೆಂಗಳೂರಲ್ಲಿ ಕಟ್ಟುತ್ತಿರುವ ಅಪಾರ್ಟ್‌ಮೆಂಟ್ ಪಕ್ಕ ತಗಡಿನ ಶೆಡ್‌ಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಯವರು ಬಹಳ ಜನ ಇದ್ದಾರೆ. ಆಂಟಿ ನಮ್ಮ ಮಾತು ಕೇಳಿದ್ದು ಅಲ್ಲಿ, ಇಲ್ಲಾ ಸಿನಿಮಾದ ನಗಿಸುವ ಪಾತ್ರಗಳ ಬಾಯಲ್ಲಿ. ನಮ್ಮ ಭಾಗದ ಡಾಕ್ಟರು, ಮೇಷ್ಟ್ರು ಕೂಡ ಅವರಿಗೆ ಸಿಕ್ಕೇ ಇರುತ್ತಾರೆ, ಆದರೆ ಅಷ್ಟೊತ್ತಿಗೆ ಆ ಡಾಕ್ಟರು, ಮೇಷ್ಟ್ರು ಮಾತಿನ ಧಾಟಿ ಬದಲಿಸಿಕೊಂಡಿರುತ್ತಾರೆ, ಹಾಗಾಗಿ ನಮ್ಮವರು ಅಂತ ಲೆಕ್ಕಕ್ಕೇ ಬರುವುದಿಲ್ಲ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು, ಇವರು ಮೈಸೂರಿನಲ್ಲಿ. ಒಬ್ಬರ ಮನೆ ಒಬ್ಬರು ನೋಡಿದ್ದೇ ಕಡಿಮೆ ಅಲ್ವಾ.

ಜಾಸ್ತಿ ನೋವಾದದ್ದು ಆಮೇಲೆ. ಆವತ್ತಿನಿಂದ ‘ಐತಿ’ ಬಿಟ್ಟು ‘ಇದೆ’ ಅನ್ನಲು ಶುರು ಮಾಡಿದೆ. ಪ್ರತಿ ಮಾತನ್ನೂ ಮನಸ್ಸಲ್ಲಿ ಒಮ್ಮೆ ಹೇಳಿಕೊಂಡು ಬಾಯಿ ಬಿಡಬೇಕು, ಅಷ್ಟರಲ್ಲಿ ಊಟದ ಟೇಬಲ್ಲಿನ ಹರಟೆ ಎಲ್ಲಿಗೋ ಹೋಗಿರುತ್ತಿತ್ತು. ಸುಮ್ನೆ ಕೂರುತ್ತಿದ್ದೆ. ಆರು ತಿಂಗಳಲ್ಲಿ ಆಫೀಸಿನಲ್ಲಿ ಹೆಸರು ಬಂತು, ‘ಆ ಕಡೆಯವರು ಯಾರ ಜೊತೆನೂ ಬೆರೆಯಲ್ಲ’ ಅಂತ.

ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಸ್ನೈಡರ್ ಮತ್ತು ಜೊತೆಯವರು 1977ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಹುಡುಗರಿಗೆ ಯಾರದೋ ಫೋಟೋ ಕೊಟ್ಟು, ಫೋನಿನ ಆಚೆ ಇರುವವಳು ಇವಳೇ ಅಂತ ನಂಬಿಸಿದರು. ಚೆಂದದ ಫೋಟೋ ಸಿಕ್ಕವರು ಪ್ರೀತಿಯಿಂದ ಮಾತಾಡಿದರು. ಆಚೆಯ ಹುಡುಗಿಯರಿಗೆ ಫೋಟೋ ವಿಷಯವೇ ಗೊತ್ತಿಲ್ಲ, ಆದರೂ ಅವರ ಮಾತಿನಲ್ಲೂ ಅದೇ ಸ್ನೇಹ ಬಂತು. ನನ್ನ ವಿಷಯದಲ್ಲಿ ಇದೇ ತಿರುಗುಮುರುಗಾಗಿ ನಡೆದಿತ್ತು.

ನಾನೂ ಇದನ್ನೇ ಮಾಡಿದ್ದೇನೆ. ‘ಬೆಂಗಳೂರಿನವರು ಬಾಯಿಮಾತಿಗೆ ಕರೀತಾರೆ ಅಷ್ಟೇ’ ಅಂತ ನಂಬಿ, ಎದುರು ಮನೆಯವರು ಮೂರು ಸಲ ಕಾಫಿಗೆ ಕರೆದರೂ ಹೋಗಲಿಲ್ಲ. ನಾಲ್ಕನೇ ಸಲ ಅವರು ಕರೆಯಲಿಲ್ಲ. ನಾನಂದದ್ದೇ ನಿಜ ಆಯ್ತು ಅಂತ ಬಹಳ ದಿನ ಅಂದುಕೊಂಡಿದ್ದೆ.

ಈಗಲೂ ಆಫೀಸಲ್ಲಿರುವಾಗ ಅವ್ವನ ಫೋನ್ ಬಂದರೆ ನನ್ನ ದನಿ ತಾನಾಗಿ ಇಳಿಯುತ್ತದೆ. ಆಕೆ ಕೇಳುವುದು ಒಂದೇ, ‘ಯಾಕಪ್ಪಾ, ಆರಾಮ ಇಲ್ಲೇನು?’